ಲಾಕಪ್ಪಿಗೆ ಬಣ್ಣ ಹಚ್ಚಿದವನು

ಇದನ್ನು ಬರೆಯಬೇಕೆಂದು ಎರಡು ವರ್ಷಗಳಿಂದ ಅಂದುಕೊಳ್ಳುತ್ತಿದ್ದೇನೆ. ಪೆನ್ನು ಹಿಡಿದಾಗಲೆಲ್ಲ ಬೇರೇನೋ ಕೆಲಸ ನೆನಪಾಗುತ್ತಿತ್ತು. ನೆನಪಾಗದಿದ್ದರೆ ಹುಡುಕಿಕೊಳ್ಳುತ್ತಿದ್ದೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಪೊಲೀಸ್ ಸೇರಿದವನು, ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತನಾದೆ. ಕಡಿಯಾಳಿಯ ನನ್ನ ಮನೆಗೆ ಒಂದು ದಿನ, ಮಣಿಪಾಲದಲ್ಲಿ ಓದು ಮುಗಿಸಿದ ನಾಲ್ವರು ಬಂದರು. ಕೊಲೆಯ ಕಥೆಯೊಂದನ್ನು ಸಿನಿಮಾ ಮಾಡುತ್ತಾರಂತೆ. ನಾಲ್ವರಿಗೂ ಅದು ಮೊದಲನೆಯದು. ಠಾಣೆಯೊಳಗಿನ ರೀತಿ ರಿವಾಜು ಹೇಳಿಕೊಡಲು ಒಬ್ಬರು ಬೇಕಿತ್ತು. ನಿವೃತ್ತಿಯ ಮೇಲೆ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಕೂಡಲೇ ಒಪ್ಪಿದೆ.

ಕಾರ್ಕಳದ ಹತ್ತಿರ ಮುಚ್ಚಿಹೋದ ಗೇರುಬೀಜದ ಕಾರ್ಖಾನೆಯ ಆಫೀಸೇ ಅವರ ಠಾಣೆ. ಲಾಕಪ್ಪಿನ ಸರಳುಗಳೆಂದರೆ ನೀರಿನ ಪ್ಲಾಸ್ಟಿಕ್ ಪೈಪು. ಅವಕ್ಕೆ ಕಪ್ಪು ಬಣ್ಣ ಹಚ್ಚಲು ಕಾಪುವಿನಿಂದ ಒಬ್ಬ ಪೇಂಟರ್ ಬಂದಿದ್ದ, ಐವತ್ತು ದಾಟಿದವನು. ನಾನು ಅವನ ಮುಖವನ್ನು ಸರಿಯಾಗಿ ನೋಡಲೂ ಇಲ್ಲ.

ಮಧ್ಯಾಹ್ನ ವಿಚಾರಣೆಯ ದೃಶ್ಯ ಇತ್ತು.

"ಅಂಕಲ್, ಬಾಯಿ ಬಿಡಿಸುವುದು ಹೇಗೆ ಅಂತ ತೋರಿಸಿ. ಪಿಚ್ಚರಲ್ಲಿ ನೋಡಿದ ಹಾಗೆ ಬೇಡ, ಒರಿಜಿನಲ್ ಬೇಕು," ಎಂದ ನಿರ್ದೇಶಕ.

ನನಗೆ ಹುರುಪು ಬಂತು. ನಟನ ಬಲಗೈ ಹಿಡಿದು ಬೆರಳುಗಳ ನಡುವೆ ಎರಡು ಪೆನ್ಸಿಲ್ ಸಿಕ್ಕಿಸಿದೆ. "ಇನ್ನು ಒತ್ತುವುದಷ್ಟೇ. ಗುರುತು ಉಳಿಯುವುದಿಲ್ಲ," ಎಂದೆ. ಎಲ್ಲರೂ ನಕ್ಕರು.

"ಹಾಗಲ್ಲ ಸರ್," ಎಂದಿತು ಹಿಂದಿನಿಂದ ಒಂದು ದನಿ. ಪೇಂಟರ್ ಬ್ರಷ್ ಕೆಳಗಿಟ್ಟಿದ್ದ. "ನೀವು ಎಡಗೈ ಹಿಡಿಯುವುದಲ್ವಾ? ಬಲಗೈಯಲ್ಲಿ ಸಹಿ ಹಾಕ್ಲಿಕ್ಕೆ ಉಂಟಲ್ಲ."

ತನ್ನ ಎಡಗೈ ಎತ್ತಿ ತೋರಿಸಿದ. ಎರಡು ಬೆರಳುಗಳು ಮಡಚುತ್ತಿರಲಿಲ್ಲ.

"ಸೂಪರ್ ಮಾರಾಯ್ರೆ! ನಿಮಗೆ ಹೇಗೆ ಗೊತ್ತು ಇದೆಲ್ಲ?" ನಿರ್ದೇಶಕ ಕೇಳಿದ.

"ಒಮ್ಮೆ ಕಲಿಸಿದ್ರು," ಎಂದ, ನನ್ನನ್ನೇ ನೋಡುತ್ತಾ.

ಆಗ ಗುರುತು ಸಿಕ್ಕಿತು. ಮೂವತ್ತು ವರ್ಷಗಳ ಹಿಂದೆ ಶಿರ್ವದ ಕಡೆಯ ದೊಡ್ಡ ಮನೆಯೊಂದಕ್ಕೆ ಸುಣ್ಣ ಬಳಿಯಲು ಹೋಗಿದ್ದ. ಮನೆಯಾಕೆಯ ಚಿನ್ನದ ಸರ ಕಾಣೆಯಾಯಿತು. ಸಂಜೆಯೊಳಗೆ ಅವನು ತಾನೇ ಕದ್ದದ್ದೆಂದು ಸಹಿ ಹಾಕಿದ. ಪೆನ್ಸಿಲ್ ಒತ್ತಿದವನು ನಾನು. ನಾಲ್ಕನೆಯ ದಿನ ಸರ ಆಕೆಯ ಕಪಾಟಿನಲ್ಲೇ, ಸೀರೆಗಳ ನಡುವೆ ಸಿಕ್ಕಿತು. ಅವನಿಗೆ ನಾವು ಹೇಳಿದ್ದು "ಹೋಗು" ಎಂಬ ಒಂದೇ ಮಾತು.

ಆಗಲೇ ಎಲ್ಲರೆದುರು ಅವನ ಕಾಲು ಹಿಡಿಯಬಹುದಿತ್ತು. ನಾನು ನಟನ ಎಡಗೈ ಹಿಡಿದುಕೊಂಡೆ. ಮೂರು ಸಲ ಶಾಟ್ ತೆಗೆದರು. ಅವನು ಉಳಿದ ಪೈಪುಗಳಿಗೆ ಬಣ್ಣ ಮುಗಿಸಿ ಹೋದ.

ಮಣಿಪಾಲದಲ್ಲಿ ಸಿನಿಮಾ ತೋರಿಸಿದಾಗ ಆ ದೃಶ್ಯಕ್ಕೆ ಚಪ್ಪಾಳೆ ಬಿತ್ತು. ನನ್ನ ಬೆನ್ನು ತಟ್ಟಿದರು. ಮರುದಿನವೇ ಕಾಪುವಿಗೆ ಹೋಗಿ, ಕೇಳಿಕೊಂಡು ಅವನ ಮನೆ ಹುಡುಕಿದೆ. ಜಗಲಿಯಲ್ಲಿ ಕುಳಿತಿದ್ದ.

"ಎಂತ ಸರ್, ಪುನಃ ಶೂಟಿಂಗ್ ಉಂಟಾ?"

ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋದದ್ದು ಬೇರೆಯೇ ಮಾತು. "ಹೌದು," ಎಂದೆ. "ಇನ್ನೊಂದು ಪಿಚ್ಚರ್ ಮಾಡ್ತಾರಂತೆ. ನಿನ್ನನ್ನೇ ಕರೆಯುತ್ತಾರೆ."

ಯಾವ ಪಿಚ್ಚರೂ ಇರಲಿಲ್ಲ. ಅವನ ಹೆಂಡತಿ ಚಹಾ ತಂದರು. ಕುಡಿದು ಎದ್ದು ಬಂದೆ.

ಒಮ್ಮೆ ಸುಳ್ಳು ಸಹಿ ಹಾಕಿಸಿದ್ದೆ, ಈಗ ಸುಳ್ಳು ಕೆಲಸಕ್ಕೆ ಕಾಯುವಂತೆ ಮಾಡಿದೆ. ಮತ್ತೆ ಆ ಕಡೆ ಹೋಗುವ ಧೈರ್ಯ ನನಗೆ ಬಂದಿಲ್ಲ, ಬರುತ್ತದೆಂಬ ನಂಬಿಕೆಯೂ ಇಲ್ಲ. ತಪ್ಪಾಯಿತು ಎಂದು ನಾನು ಹೇಳದೆ ಉಳಿದದ್ದು ಅವನಿಗೆ, ಕಾಪುವಿನ ಆ ಪೇಂಟರಿಗೆ.