ಸೂಜಿ ತಾಗದ ಚೀಲ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ತೂತಕ್ಕ ಅಂತಲೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಬೆಚ್ಚಗೆ ಮಲಗಿತ್ತು, ಅದನ್ನು ಎಬ್ಬಿಸುವವರು ಯಾರೂ ಇರಲಿಲ್ಲ. ಹೊಸದಾಗಿ ಸೇರಿದ ನರ್ಸುಗಳು ಆ ಹೆಸರು ಕೇಳಿ ಕಿಸಕ್ಕನೆ ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ, ಸಿಟ್ಟಾಗುತ್ತಲೂ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಎಂಟು ಗಂಟೆ ತೂತು ಹುಡುಕುವ ಹೆಂಗಸಿಗೆ ಜನ ಇನ್ನೇನು ಹೆಸರಿಟ್ಟಾರು?

ಅವಳ ಕೆಲಸ ನೆಲಮಾಳಿಗೆಯ ಬಟ್ಟೆ ಕೋಣೆಯಲ್ಲಿ. ಆಪರೇಷನ್ ಮಾಡುವಾಗ ರೋಗಿಯ ಮೈಮೇಲೆ ಹಸಿರು ಹೊದಿಕೆ ಹಾಸುತ್ತಾರೆ, ಕೊಯ್ಯುವ ಜಾಗಕ್ಕೆ ಮಾತ್ರ ನಡುವೆ ಒಂದು ಕಿಂಡಿ. ಆ ಕಿಂಡಿ ಬಿಟ್ಟರೆ ಹೊದಿಕೆಯಲ್ಲಿ ಸೂಜಿಮೊನೆಯಷ್ಟೂ ತೂತು ಇರಕೂಡದು. ಒಗೆದು ಬಂದ ಹಳೆಯ ಹೊದಿಕೆ ಒಂದೊಂದನ್ನೂ ಗಾಜಿನ ಮೇಜಿನ ಮೇಲೆ ಹರಡಬೇಕು, ಕೆಳಗಿನ ಟ್ಯೂಬ್‌ಲೈಟ್ ಹಾಕಬೇಕು, ಬೆಳಕು ಚುಕ್ಕಿಯಾಗಿ ಇಣುಕಿದ ಕಡೆ ಪೆನ್ಸಿಲಿನಿಂದ ಸುತ್ತು ಹಾಕಬೇಕು, ಆಮೇಲೆ ಅಲ್ಲಿಗೊಂದು ಅಂಟಿನ ತೇಪೆ ಇಟ್ಟು ಇಸ್ತ್ರಿ ಒತ್ತಬೇಕು. ಹೊಲಿಯುವ ಹಾಗಿಲ್ಲ. ಆಪರೇಷನ್ ಥಿಯೇಟರಿನ ಮುಖ್ಯಸ್ಥೆ ದೊಡ್ಡ ಸಿಸ್ಟರ್ ತಮ್ಮ ಕೈಯಾರೆ ಬರೆದು ಗೋಡೆಗೆ ಅಂಟಿಸಿದ್ದರು: ‘ಹೊದಿಕೆಗೆ ಸೂಜಿ ತಾಗಿಸಬಾರದು.’ ಒಂದು ತೂತು ಮುಚ್ಚಲು ಸೂಜಿ ಹಿಡಿದರೆ ಹೊಸದಾಗಿ ಇಪ್ಪತ್ತು ತೂತು ಮಾಡಿದ ಹಾಗೆ. ಮೂಲೆಯ ಹೊಲಿಗೆ ಮಿಷನ್ನು ಇದ್ದದ್ದು ದಿಂಬಿನ ಚೀಲ, ರೋಗಿಗಳ ಅಂಗಿ, ಪರದೆ ಇಂಥವಕ್ಕೆ. ಈ ಕೆಲಸಕ್ಕೆ ಬರುವ ಮೊದಲು ಅವಳು ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಹನ್ನೊಂದು ವರ್ಷ ಮಿಷನ್ನು ತುಳಿದವಳು. ಇಲ್ಲಿ ಬಂದು ಇಸ್ತ್ರಿ ಒತ್ತಿ ಒತ್ತಿ ಅವಳ ಒಳಗಿನ ದರ್ಜಿಗೆ ತುಕ್ಕು ಹಿಡಿದಿತ್ತು. ಹಾಗಂತ ಅವಳೇ ಹೇಳುತ್ತಿದ್ದಳು.

ಅವಳ ಸ್ವಂತ ತಂಗಿ ಅದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಮೂಳೆ ಆಪರೇಷನ್ ಮಾಡುವ ಕೋಣೆಯಲ್ಲಿ ಆಯಾ. ಅಕ್ಕನಿಗಿಂತ ಒಂಬತ್ತು ವರ್ಷ ಚಿಕ್ಕವಳು. ಇಬ್ಬರಿಗೂ ಸಂಸಾರ ಅಂತ ಉಳಿದಿದ್ದು ಒಬ್ಬರಿಗೊಬ್ಬರು, ಎರಡು ಕೋಣೆಯ ಬಾಡಿಗೆ ಮನೆ, ಕೆಲಸಕ್ಕೆ ಹೋಗಿಬರಲು ಒಂದೇ ಬಸ್ಸು. ಮೂಳೆ ಡಾಕ್ಟ್ರು ಮಂಡಿ ಬಿಚ್ಚಿದರೆಂದರೆ ಬಾಟಲಿಗಟ್ಟಲೆ ಉಪ್ಪುನೀರು ಹಾಯಿಸಿ ತೊಳೆಯುತ್ತಾರೆ. ಆ ನೀರು ರಕ್ತದ ಜೊತೆ ಹೊದಿಕೆಯ ಮೇಲಿಂದ ಜಾರಿ, ಇಟ್ಟ ಬಕೆಟ್ಟಿಗೆ ಅರ್ಧ, ನೆಲಕ್ಕೆ ಅರ್ಧ. ತಂಗಿ ದಿನವಿಡೀ ಆ ಕೆಂಪು ನೀರಿನಲ್ಲಿ ಕಾಲಿಟ್ಟುಕೊಂಡು ಒರೆಸುತ್ತಿದ್ದಳು. ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟರೆ ಕಾಲ್ಬೆರಳು ನೆನೆದು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಹಿಂದಿನ ವರ್ಷ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಮೂಳೆ ಕೂಡಿತು, ಆದರೆ ಧೈರ್ಯ ಕೂಡಲಿಲ್ಲ. ಅಂದಿನಿಂದ ಆ ಕೋಣೆಯಲ್ಲಿ ಗೋಡೆ ಹಿಡಿದುಕೊಂಡೇ ನಡೆಯುತ್ತಿದ್ದಳು. ಇನ್ನೊಂದು ಸಲ ಬಿದ್ದರೆ ಕೆಲಸದಿಂದಲೇ ಬಿಡಿಸುತ್ತಾರೆ ಎಂಬ ಮಾತು ಆಗಲೇ ಕಿವಿಗೆ ಬಿದ್ದಿತ್ತು.

“ಆ ನೀರು ನೆಲಕ್ಕೆ ಬೀಳೋಕೆ ಮುಂಚೆ ಯಾರಾದ್ರೂ ಹಿಡಿಯೋ ಹಾಗಿದ್ರೆ,” ಅಂದಳು ತಂಗಿ ಒಂದು ಸಂಜೆ, ಕಾಲು ಒರೆಸಿಕೊಳ್ಳುತ್ತಾ. ಉತ್ತರ ಬೇಕೆಂದು ಕೇಳಿದ ಮಾತಲ್ಲ ಅದು.

ಆದರೆ ಅಕ್ಕನ ತಲೆಯೊಳಗೆ ಆ ಮಾತು ಹೊಕ್ಕಿತು. ಕಿಂಡಿಯ ಕೆಳಗೇ ಒಂದು ಚೀಲ ಇದ್ದರೆ? ಅಗಲ ಬಾಯಿ, ಕೆಳಕ್ಕೆ ಹೋಗುತ್ತಾ ಕಿರಿದಾಗಿ, ತುದಿಯಲ್ಲಿ ಒಂದು ಕೊಳವೆ, ಕೊಳವೆ ಇಳಿಯುವುದು ಮುಚ್ಚಳ ಬಿಗಿದ ಡಬ್ಬಕ್ಕೆ. ಒಂದು ಹನಿಯೂ ಯಾರ ಕೈಗೂ ಕಾಲಿಗೂ ತಾಗುವುದಿಲ್ಲ. ಹಳೆಯ ರಬ್ಬರ್ ಶೀಟು ಕತ್ತರಿಸಿ ನಾಲ್ಕು ಚೀಲ ಕೆಡಿಸಿದಳು. ಐದನೆಯದು ಸರಿಯಾಗಿ ಕೂತಿತು. ಮಿಷನ್ನಿನ ಮುಂದೆ ಕೂತು ಚೀಲವನ್ನು ಹೊಸ ಹೊದಿಕೆಯೊಂದಕ್ಕೆ ಹೊಲಿದಳು. ನೀರಿನ ಭಾರಕ್ಕೆ ಒಂದು ಹೊಲಿಗೆ ಸಾಲದು ಅನ್ನಿಸಿತು, ಎರಡು ಹಾಕಿದಳು. ಎರಡರ ಮೇಲೆ ನಂಬಿಕೆ ಸಾಲದೆ ಮೂರು. ಮೇಲೊಂದು ಅಂಚುಪಟ್ಟಿ ಮಡಚಿ ಹೊಲಿಗೆಯನ್ನು ಮುಚ್ಚಿ ಅಂದ ಮಾಡಿದಳು. ಗೋಡೆಯ ಮೇಲಿನ ಬರಹ ಅವಳ ನೆತ್ತಿಯ ಮೇಲೇ ಇತ್ತು. ಅದು ತೂತು ಮುಚ್ಚುವುದಕ್ಕೆ ಹೇಳಿದ್ದು, ಇದು ಹೊಸದಾಗಿ ಹೊಲಿಯುವುದು, ಎರಡೂ ಬೇರೆ ಎಂದುಕೊಂಡಳೋ, ಇಲ್ಲ ಅಷ್ಟು ವರ್ಷದ ಮೇಲೆ ಮಿಷನ್ನು ಕೈಗೆ ಸಿಕ್ಕ ಖುಷಿಯಲ್ಲಿ ಏನನ್ನೂ ಅಂದುಕೊಳ್ಳಲಿಲ್ಲವೋ. ನನ್ನ ಕೇಳಿದರೆ ಎರಡನೆಯದೇ.

ಚೀಲಕ್ಕೆ ನೀರು ತುಂಬಿ ಕಾಲು ಗಂಟೆ ನೇತುಹಾಕಿ ನೋಡಿದಳು. ಒಂದು ಹನಿ ಜಿನುಗಲಿಲ್ಲ. ದೊಡ್ಡ ಸಿಸ್ಟರ್ ಕನ್ನಡಕ ಏರಿಸಿ, ಇಳಿಸಿ ನೋಡಿ, ಮೂಳೆ ಡಾಕ್ಟ್ರಿಗೆ ತೋರಿಸಿದರು. ಮೊದಲ ದಿನವೇ ಡಾಕ್ಟ್ರು ನೆಲ ನೋಡಿ, “ಇವತ್ತು ಆಪರೇಷನ್ ಮಾಡಿದ್ದೀವೋ ಇಲ್ವೋ?” ಅಂದರಂತೆ. ಒಟ್ಟು ಒಂದು ಡಜನ್ ಬೇಕೆಂದರು, ಅವಳು ಹೊಲಿದುಕೊಟ್ಟಳು. ಮೇಲಿನ ಮಹಡಿಯವರು ನೆಲಮಾಳಿಗೆಗೆ ಇಳಿದು ಬಂದು ಅವಳ ಬೆನ್ನು ತಟ್ಟಿದರು. ಎರಡು ತಿಂಗಳು ತಂಗಿ ಒಣಗಿದ ಕಾಲಲ್ಲಿ ಮನೆಗೆ ಬಂದಳು. ಒಂದು ದಿನ ಗೋಡೆ ಹಿಡಿಯದೆ ನಡೆದಳೆಂದು ಅವಳೇ ಹೇಳಿದಳು. ಅಕ್ಕನಿಗೆ ಅದಕ್ಕಿಂತ ದೊಡ್ಡ ಬಹುಮಾನ ಬೇಕಿರಲಿಲ್ಲ.

ಹೊಸ ಹೊದಿಕೆಗಳು ಗಾಜಿನ ಮೇಜಿಗೆ ಬರುವ ವಾಡಿಕೆ ಇರಲಿಲ್ಲ. ಒಗೆದ ಮೇಲೆ ಕ್ರಿಮಿ ಸಾಯಲೆಂದು ನೇರವಾಗಿ ಹಬೆಯಲ್ಲಿ ಬೆಂದು ಥಿಯೇಟರಿಗೆ ಹೋಗುತ್ತಿದ್ದವು. ಹಳತಾಗಿ, ಯಾರದೋ ಕತ್ತರಿ ತಾಗಿಯೋ ಕ್ಲಿಪ್ಪು ಚುಚ್ಚಿಯೋ ಬಂದವು ಮಾತ್ರ ತೂತಕ್ಕನ ಮುಂದೆ. ಹಾಗೆ ಒಂದು ಬೆಳಿಗ್ಗೆ ಚೀಲದ ಹೊದಿಕೆಯೊಂದು ಬಂತು, ಅಂಚಿನಲ್ಲಿ ಕ್ಲಿಪ್ಪಿನ ಗುರುತಿನೊಂದಿಗೆ. ಅವಳು ಹರಡಿ ಲೈಟು ಹಾಕಿದಳು.

ಕ್ಲಿಪ್ಪಿನ ತೂತು ಒಂದು. ಅದು ಅವಳ ಕಣ್ಣಿಗೆ ಬೀಳಲೇ ಇಲ್ಲ. ಕಿಂಡಿಯ ಕೆಳಗೆ, ಅಂಚುಪಟ್ಟಿ ಒಗೆತಕ್ಕೆ ಸಡಿಲಾಗಿ ಮೇಲೆದ್ದ ಕಡೆ, ಮೂರು ಸಾಲು ಬೆಳಕು. ಒಂದೊಂದು ಸೂಜಿಗಾಯವೂ ಹಬೆಗೆ ಬಾಯಿ ಬಿಟ್ಟು, ಹೊಲಿಗೆ ಅನ್ನುವುದು ಜರಡಿಯಾಗಿತ್ತು. ಹೊದಿಕೆ ಆಚೆಯಿಂದ ಈಚೆಗೆ ಒದ್ದೆಯಾಯಿತೆಂದರೆ ಕೆಳಗಿನ ಕ್ರಿಮಿ ಮೇಲಿನ ಗಾಯಕ್ಕೆ ಹತ್ತಿತೆಂದೇ ಲೆಕ್ಕ. ಇಪ್ಪತ್ತೆರಡು ವರ್ಷ ಅದನ್ನು ಕೇಳಿಯೇ ಬದುಕಿದವಳು. ಪೆನ್ಸಿಲ್ ತೆಗೆದುಕೊಂಡಳು, ಸುತ್ತು ಹಾಕುವುದು ಎಲ್ಲಿಂದ ಅಂತ ತಿಳಿಯದೆ ಕೆಳಗಿಟ್ಟಳು.

ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಿಟ್ಟರೆ ತಂಗಿ ಮತ್ತೆ ಆ ನೀರಿಗೆ. ಯೋಚಿಸುತ್ತಾ ಕೂತವಳು ಎದ್ದು ವಾರ್ಡಿಗೆ ಹೋದಳು. ಹೋದ ವಾರ ಮಂಡಿ ಆಪರೇಷನ್ ಮಾಡಿಸಿಕೊಂಡ ಬಸ್ ಕಂಡಕ್ಟರ್ ಒಬ್ಬನಿಗೆ ಜ್ವರ ಬಿಡುತ್ತಿಲ್ಲವೆಂದು ಚಹಾದ ಹೊತ್ತಿನಲ್ಲಿ ಯಾರೋ ಹೇಳಿದ್ದರು. ನಿವೃತ್ತಿಯ ಹತ್ತಿರ ಬಂದ ಮನುಷ್ಯ. ಕಾಲು ದಿಂಬಿನ ಮೇಲೆ, ಮುಖ ಕೆಂಪಗೆ.

“ಏನಮ್ಮಾ, ಬಟ್ಟೆ ಬದಲಾಯಿಸ್ಬೇಕಾ?” ಅಂದ, ಅವಳ ಸಮವಸ್ತ್ರ ನೋಡಿ.

“ಇಲ್ಲ. ಹೇಗಿದೀರಾ ಅಂತ ನೋಡೋಕೆ ಬಂದೆ.”

“ನೋಡೋಕೆ ಬಂದ ನಮ್ಮ ಮನೆಯೋರೂ ಇಷ್ಟು ಮುಖ ಸಪ್ಪೆ ಮಾಡ್ಕೊಂಡಿಲ್ಲ. ನಾನೇನೂ ಸಾಯ್ತಿಲ್ಲ ಬಿಡಿ,” ಅಂದು ನಗಲು ಹೋಗಿ ನೋವಿಗೆ ಹಲ್ಲು ಕಚ್ಚಿದ.

ಅಲ್ಲಿಂದ ಸೀದಾ ದೊಡ್ಡ ಸಿಸ್ಟರ್ ಕೋಣೆಗೆ ಹೋಗಿ, ಹೊದಿಕೆಯನ್ನು ಕಿಟಕಿಗೆ ಹಿಡಿದಳು. ವಿವರಿಸುವ ಕಷ್ಟ ಬರಲಿಲ್ಲ.

ದೊಡ್ಡ ಸಿಸ್ಟರ್ ಅಂಚುಪಟ್ಟಿಯನ್ನು ಬೆರಳಿನಿಂದ ಎತ್ತಿ ನೋಡಿದರು. ಆಮೇಲೆ ಅಂದರು, “ಗೋಡೆ ಮೇಲೆ ಬರೆದೋಳು ನಾನೇ. ಆ ಅಂಚುಪಟ್ಟಿ ಎತ್ತಿ ನೋಡ್ಲಿಲ್ಲವಲ್ಲ ನಾನು. ನನ್ನ ಕಣ್ಣಿಗೂ ಒಣಗಿದ ನೆಲ ಒಂದೇ ಕಾಣಿಸ್ತು.” ಫೋನು ಎತ್ತಿ ಹನ್ನೆರಡೂ ಹೊದಿಕೆಗಳನ್ನು ವಾಪಸು ತರಿಸಿದರು, ಮಂಡಿ ಮಾಡಿಸಿಕೊಂಡ ಎಲ್ಲರ ಗಾಯವನ್ನೂ ಮತ್ತೆ ನೋಡಬೇಕೆಂದು ಹೇಳಿದರು. ಕೊನೆಗೆ ಕೇಳಿದರು, “ಇದು ಬೇರೆ ಯಾರಿಗಾದ್ರೂ ಗೊತ್ತಿತ್ತಾ?”

“ಇಲ್ಲ ಸಿಸ್ಟರ್,” ಅಂದಳು. ಅದು ಸುಳ್ಳಾಗುತ್ತದೆಂದು ಅವಳಿಗೆ ಆಗ ಗೊತ್ತಿರಲಿಲ್ಲ.

ಸಂಜೆ ಮನೆಯಲ್ಲಿ ತಂಗಿಗೆ ಎಲ್ಲ ಹೇಳಿದಳು. ಹೇಳುವಾಗ ತಂಗಿಯ ಕಾಲನ್ನೇ ನೋಡುತ್ತಿದ್ದಳು. “ನಾಳೆಯಿಂದ ಮತ್ತೆ ಬಕೆಟ್ಟೇ ಕಣೇ. ನನ್ನ ಮೇಲೆ ಸಿಟ್ಟು ಮಾಡ್ಕೋಬೇಡ.”

ತಂಗಿ ಲೋಟ ಕೆಳಗಿಟ್ಟಳು. “ನಂಗೆ ಗೊತ್ತಿತ್ತು ಅಕ್ಕಾ.”

“ಏನು ಗೊತ್ತಿತ್ತು?”

“ಮೂರನೇ ವಾರದಲ್ಲೇ. ಆಪರೇಷನ್ ಆದ್ಮೇಲೆ ಮೇಜು ಒರೆಸೋಳು ನಾನೇ ಅಲ್ವಾ. ಹೊದಿಕೆ ತೆಗೆದ್ರೆ ಕೆಳಗೆ ಚುಕ್ಕೆ ಚುಕ್ಕೆ ಒದ್ದೆ. ಸಾಲಾಗಿ, ಹೊಲಿಗೆ ಹಾಕಿದ ಹಾಗೆ. ಒರೆಸಿಬಿಡ್ತಿದ್ದೆ.”

ತೂತಕ್ಕ ತಂಗಿಯ ಕಾಲಿನಿಂದ ಕಣ್ಣೆತ್ತಿ ಅವಳ ಮುಖ ನೋಡಿದಳು. ಈ ಹುಡುಗಿ ನನ್ನ ಮುಖ ನೋಡಿ ಸುಮ್ಮನಿದ್ದಳು, ಎಲ್ಲರೂ ಹೊಗಳುವಾಗ ನಾನು ಬೀಗುತ್ತಿದ್ದದ್ದನ್ನು ನೋಡಿ ಬಾಯಿ ಕಟ್ಟಿಕೊಂಡಳು ಅನ್ನಿಸಿತು. “ನನಗೋಸ್ಕರ ಅಂತ ಹಾಗೆಲ್ಲ ಮಾಡ್ತಾರೇನೇ,” ಅಂದಳು.

ತಂಗಿ ತಲೆ ಅಲ್ಲಾಡಿಸಿದಳು. “ನಿನಗೋಸ್ಕರ ಅಂತ ಹೇಳಿದ್ರೆ ಚೆನ್ನಾಗಿರುತ್ತೆ. ಆದ್ರೆ ಅಲ್ಲ. ನೆಲ ಒಣಗಿತ್ತು ಅಕ್ಕಾ. ಅಷ್ಟೇ.”

ರೇಗಬೇಕೆಂದು ತೂತಕ್ಕನಿಗೆ ಅನ್ನಿಸಿತು. ಆ ಕಂಡಕ್ಟರನ ಕೆಂಪು ಮುಖ ಕಣ್ಣ ಮುಂದೆ ಬಂತು. ಆದರೆ ರೇಗುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು, ಅದು ಅವಳಲ್ಲಿ ಉಳಿದಿರಲಿಲ್ಲ. “ನಾಳೆ ನೀನೇ ಹೋಗಿ ಸಿಸ್ಟರ್‌ಗೆ ಹೇಳ್ಬೇಕು,” ಅಂದಳು. “ನಾನು ಹೇಳಲ್ಲ.” ತಂಗಿ ಹೂಂ ಅಂದಳು. ಇಬ್ಬರೂ ಊಟ ಮಾಡಿದರು, ಪಾತ್ರೆ ತೊಳೆದರು.

ತಂಗಿ ಹೋಗಿ ಹೇಳಿದಳು. ಬೈಸಿಕೊಂಡಳು, ಲಿಖಿತವಾಗಿ ತಪ್ಪೊಪ್ಪಿಗೆ ಬರೆದುಕೊಟ್ಟಳು, ಕೆಲಸ ಉಳಿಯಿತು. ಅದೇ ಕೋಣೆ, ಅದೇ ಬಕೆಟ್ಟು. ಮತ್ತೆ ಗೋಡೆ ಹಿಡಿದು ನಡೆಯತೊಡಗಿದಳು. ತೂತಕ್ಕ ನೆಲಮಾಳಿಗೆಯಲ್ಲಿ ಕೂತು ಹನ್ನೆರಡು ಹೊದಿಕೆಗಳ ಹೊಲಿಗೆ ಬಿಚ್ಚಿದಳು. ಮೂರು ಸಾಲು ಭದ್ರವಾಗಿ ಹಾಕಿದ್ದಳಲ್ಲ, ಬಿಚ್ಚುವುದಕ್ಕೆ ಹೊಲಿದದ್ದಕ್ಕಿಂತ ಮೂರು ಪಟ್ಟು ಹೊತ್ತು ಹಿಡಿಯಿತು. ದಿನಕ್ಕೆರಡು ಸಲ ವಾರ್ಡಿನ ಬಾಗಿಲಿಗೆ ಹೋಗಿ ಇಣುಕಿ ಬರುತ್ತಿದ್ದಳು. ಉಳಿದವರ ಗಾಯಗಳೆಲ್ಲ ಒಣಗಿದ್ದವು. ಒಂಬತ್ತನೇ ದಿನ ಕಂಡಕ್ಟರನ ಜ್ವರ ಇಳಿಯಿತು. ಅದು ಹೊದಿಕೆಯಿಂದಲೇ ಬಂತಾ ಎಂದು ಡಾಕ್ಟ್ರನ್ನು ಕೇಳಿದಳು. “ಎಲ್ಲಿಂದ ಬೇಕಾದ್ರೂ ಬರಬಹುದು. ಹೇಳೋಕಾಗಲ್ಲ,” ಅಂದರು. ಹೌದು ಅಂದಿದ್ದರೆ ಅತ್ತುಬಿಡಬಹುದಿತ್ತು, ಅಲ್ಲ ಅಂದಿದ್ದರೆ ನಿದ್ದೆ ಮಾಡಬಹುದಿತ್ತು. ಈ ಎರಡೂ ಅಲ್ಲದ್ದನ್ನು ಹೊತ್ತುಕೊಂಡು ಅವಳು ಮೆಟ್ಟಿಲಿಳಿದು ಬಂದಳು. ಆ ಭಾರ ಈಗಲೂ ಇಳಿದಿಲ್ಲ.

ತಿಂಗಳು ಕಳೆದ ಮೇಲೆ ದೊಡ್ಡ ಸಿಸ್ಟರ್ ಬಟ್ಟೆ ಕೋಣೆಗೆ ಬಂದರು. “ಚೀಲದ ತಪ್ಪಲ್ಲ ಅದು. ಹೊಲಿಗೆ ತಪ್ಪು. ತೇಪೆ ಹಚ್ಚೋ ಹಾಗೆ ಇಸ್ತ್ರಿ ಒತ್ತಿ ಅಂಟಿಸೋಕೆ ಆಗುತ್ತಾ ನೋಡು. ಇಪ್ಪತ್ತು ಸಲ ಹಬೆಗೆ ಹಾಕು, ಆಮೇಲೂ ನೀರು ನಿಲ್ಲಬೇಕು. ಅಲ್ಲಿವರೆಗೂ ಮೇಲೆ ತರಬೇಡ.”

ತೂತಕ್ಕನಿಗೆ ಮತ್ತೆ ಆ ಚೀಲದ ಮುಖ ನೋಡುವ ಮನಸ್ಸಿರಲಿಲ್ಲ. ಆದರೂ ಮಾಡಿದಳು, ತಂಗಿಯ ಕಾಲ್ಬೆರಳು ಕಣ್ಣಿಗೆ ಕಾಣುತ್ತಿದ್ದವಲ್ಲ. ಅಂಟಿನ ಪಟ್ಟಿ ಇಟ್ಟು ಇಸ್ತ್ರಿ ಒತ್ತಿ ಮಾಡಿದ ಮೊದಲನೆಯದು ಎಂಟನೇ ಹಬೆಗೆ ಕಿತ್ತುಕೊಂಡಿತು. ಎರಡನೆಯದು ಹದಿನಾಲ್ಕಕ್ಕೆ. ಮೂರನೆಯದು ಇಪ್ಪತ್ತನ್ನೂ ತಾಳಿಕೊಂಡಿತು. ಗಾಜಿನ ಮೇಜಿನ ಮೇಲೆ ಹರಡಿದಾಗ ಒಂದು ಚುಕ್ಕಿ ಬೆಳಕಿಲ್ಲ. ಆದರೆ ಈಗೀಗ ಅವಳಿಗೆ ತನ್ನ ಕಣ್ಣಿನ ಮೇಲೂ ನಂಬಿಕೆ ಕಡಿಮೆ.

ಡ್ಯೂಟಿ ಮುಗಿಸಿದ ತಂಗಿಯನ್ನು ಬಟ್ಟೆ ಕೋಣೆಗೆ ಕರೆದಳು. ತಂಗಿ ಒದ್ದೆ ಚಪ್ಪಲಿಯಲ್ಲೇ ಬಂದಳು. ಅಂದು ನಾಲ್ಕು ಮಂಡಿ ಆಗಿತ್ತು. ಹೊದಿಕೆಯನ್ನು ಎರಡು ಕುರ್ಚಿಗಳ ನಡುವೆ ಕಟ್ಟಿ, ಕೊಳವೆ ಮಡಚಿ ಬಿಗಿದು, ಚೀಲದ ತುಂಬ ನೀರು ಹೊಯ್ದರು.

“ನಿನ್ನ ಕೈ ಕೆಳಗಿಡು,” ಅಂದಳು ಅಕ್ಕ. “ನನ್ನ ಕೈ ಇಸ್ತ್ರಿ ಹಿಡಿದು ಹಿಡಿದು ದಡ್ಡುಗಟ್ಟಿದೆ. ಅರ್ಧ ಗಂಟೆ ಇಟ್ಕೊಂಡಿರ್ಬೇಕು.”

ತಂಗಿ ನೆಲಕ್ಕೆ ಕೂತು, ಮುರಿದು ಕೂಡಿದ ಆ ಬಲಗೈಯನ್ನು ಅಂಟಿನ ಪಟ್ಟಿಯ ಕೆಳಗೆ ಒತ್ತಿ ಹಿಡಿದಳು. ಗೋಡೆ ಗಡಿಯಾರದ ಮುಳ್ಳು ಕಾಲು ಗಂಟೆ ದಾಟಿತು. ಇಪ್ಪತ್ತೈದು ನಿಮಿಷ. ಕೈ ಒಣಗಿಯೇ ಇದೆ ಅಂತ ತಂಗಿ ಅಂದರೆ ನಾಳೆಯೇ ಹೊದಿಕೆ ಮೇಲೆ ಹೋಗುತ್ತದೆ, ನಾಳಿದ್ದಿನಿಂದ ಅವಳ ಕಾಲು ಒಣಗಿರುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು. ಅಕ್ಕ ಬಗ್ಗಿ ನೋಡಲಿಲ್ಲ. ಬೇಕೆಂದೇ ಬೆನ್ನು ತಿರುಗಿಸಿ ಬಟ್ಟೆ ಮಡಚುತ್ತಾ ನಿಂತಿದ್ದಳು.

“ಅರ್ಧ ಗಂಟೆ ಆಯ್ತು,” ಅಂದಳು. “ಹೇಗಿದೆ?”

ತಂಗಿ ಕೈ ಈಚೆಗೆ ತೆಗೆದು ಬೆರಳಿಗೆ ಬೆರಳು ಉಜ್ಜಿ ನೋಡಿದಳು. ಒಮ್ಮೆ ತನ್ನ ಚಪ್ಪಲಿ ಕಡೆ ನೋಡಿದಳು.

“ಒದ್ದೆ ಇದೆ ಅಕ್ಕಾ,” ಅಂದಳು. “ಎಡಗಡೆ ಮೂಲೇಲಿ. ಸ್ವಲ್ಪವೇ. ಆದ್ರೆ ಇದೆ.”

ತೂತಕ್ಕ ಬಂದು ತಂಗಿಯ ಬೆರಳನ್ನು ತನ್ನ ಸೆರಗಿನಿಂದ ಒರೆಸಿದಳು. ಆಮೇಲೆ ಚೀಲದ ನೀರು ಚೆಲ್ಲಿ, ಪಟ್ಟಿ ಕಿತ್ತು, ಇಸ್ತ್ರಿಯ ಸ್ವಿಚ್ಚು ಹಾಕಿದಳು.