ಬಾಲ್ಕನಿಯ ಧೂಳು, ಅಪ್ಪನ ಟ್ಯಾಂಕು

ಹಗಲೆಲ್ಲ ಜನರ ಹಲ್ಲಿನ ಕಲೆ ತೆಗೆಯುವುದು ನನ್ನ ಕಸುಬು. ದೆಹಲಿಯ ದ್ವಾರಕಾದಲ್ಲಿ ದಂತವೈದ್ಯೆ. ಸಂಜೆ ಮನೆಗೆ ಬಂದು, ಕ್ಲಿನಿಕ್ಕಿನಲ್ಲಿ ಸವೆದುಹೋದ, ಹಲ್ಲು ಕೆರೆಯುವ ಮೊನೆಕಡ್ಡಿಗಳಿಂದಲೇ ಪ್ಲಾಸ್ಟಿಕ್ಕಿನ ಪುಟ್ಟ ಯುದ್ಧಟ್ಯಾಂಕುಗಳಿಗೆ ಕಲೆ ಹಚ್ಚುತ್ತೇನೆ. ಐವತ್ತು ದಾಟಿದ ಹೆಂಗಸಿಗೆ ಇದೇನು ಹುಚ್ಚು ಎಂದು ಕೇಳುವವರಿದ್ದಾರೆ. ಅವರು ಗಂಟೆಗಟ್ಟಲೆ ಧಾರಾವಾಹಿ ನೋಡುವುದನ್ನು ನಾನು ಪ್ರಶ್ನಿಸಿಲ್ಲ.

ಕಳೆದ ಚಳಿಗಾಲದಲ್ಲಿ ತರಿಸಿದ್ದು ಬಿಡಿಭಾಗಗಳನ್ನು ಕೂಡಿಸಿ ಟ್ಯಾಂಕು ಕಟ್ಟುವ ದೊಡ್ಡ ಕಿಟ್. ನಿಜದ ಟ್ಯಾಂಕಿನ ಹದಿನಾರನೇ ಒಂದು ಪಾಲು ಎಂದರೆ ಆಟದ ಸಾಮಾನು ಅನ್ನಿಸಬಹುದು, ಆದರೆ ಊಟದ ಮೇಜಿನ ಅರ್ಧ ಅದಕ್ಕೇ ಹೋಯಿತು. ನಾನು, ಅಪ್ಪ, ಕಾಲೇಜಿಗೆ ಹೋಗುವ ಮಗಳು, ಮೂವರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣತೊಡಗಿದೆವು. ಆ ಮಾದರಿಯನ್ನೇ ಹುಡುಕಿ ತರಿಸಲು ಕಾರಣವಿತ್ತು. ಅಪ್ಪ ಸೈನ್ಯದಲ್ಲಿದ್ದಾಗ ಅಂಥದೇ ಟ್ಯಾಂಕಿನ ಕಮಾಂಡರ್ ಆಗಿದ್ದರು.

ಸೋಮವಾರಪೇಟೆಯ ನಮ್ಮ ನೆಂಟರೆಲ್ಲ ಅವರಿಂದ ಯುದ್ಧದ ಕಥೆ ಕೇಳಲು ಕಾದು ಸೋತಿದ್ದಾರೆ. ಕೇಳಿದರೆ ಅವರು ಗ್ರೀಸ್ ಹಚ್ಚುವ ಬಗ್ಗೆ ಹೇಳುತ್ತಿದ್ದರು. ಮನೆಯಲ್ಲೂ ಅದೇ ಶಿಸ್ತು. ನನ್ನ ಶೂ, ನನ್ನ ಹಾಸಿಗೆಯ ಮಡಿಕೆ, ಆಮೇಲೆ ನನ್ನ ಕ್ಲಿನಿಕ್ಕು, ಎಲ್ಲವನ್ನೂ ಬಂದು ನೋಡುತ್ತಿದ್ದರು, ಒಂದು ಕುಂದನ್ನು ತೋರಿಸಿ ಹೋಗುತ್ತಿದ್ದರು. ನನಗೆ ಅದರಿಂದ ಕಷ್ಟವೇನೂ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಈ ಟ್ಯಾಂಕನ್ನಾದರೂ ನೋಡಿ, ಹೌದು, ನಮ್ಮದು ಹೀಗೇ ಇತ್ತು ಎನ್ನಲಿ ಎಂಬ ಆಸೆ ನನಗಿತ್ತು. ಅಷ್ಟಕ್ಕೇ ಇಷ್ಟೆಲ್ಲ.

ಚಕ್ರಗಳನ್ನು ಸುತ್ತುವರಿಯುವ ಪಟ್ಟಿಯ ಕೊಂಡಿಗಳನ್ನು ಒಂದೊಂದಾಗಿ ಕೂಡಿಸಬೇಕಿತ್ತು. ಕೂಡಿಸಿದೆ. ಬಿಸಿಲು ಬರುವ ಬಾಲ್ಕನಿಯಲ್ಲಿ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಹಸಿರು ಬಣ್ಣ ಹೊಡೆದೆ. ದೆಹಲಿಯ ಚಳಿಗಾಲದ ಹೊಗೆಯಲ್ಲಿ ಆ ಮಾಸ್ಕ್ ಯಾತಕ್ಕೆಂದು ಪಕ್ಕದ ಮನೆಯವರು ಕೇಳಲೂ ಇಲ್ಲ. ನಂತರ ಟ್ಯಾಂಕನ್ನು ಹಳತು ಮಾಡುವ ಕೆಲಸ. ಹರಿದ ಸ್ಪಂಜಿನ ಚೂರನ್ನು ಬಣ್ಣಕ್ಕದ್ದಿ ಅಲ್ಲಲ್ಲಿ ತಾಗಿಸಿದರೆ ಬಣ್ಣ ಎದ್ದಂತೆ ಕಾಣುತ್ತದೆ. ಕಂದು ತೈಲವರ್ಣವನ್ನು ಟರ್ಪೆಂಟೈನಿನಲ್ಲಿ ನೀರಾಗಿಸಿ ಸಂದುಗಳಿಗೆ ಬಿಟ್ಟರೆ ಅದು ತುಕ್ಕು ಇಳಿದ ಗೆರೆ. ಧೂಳನ್ನು ಡಬ್ಬಿಯಲ್ಲಿಟ್ಟು ಮಾರುವವರಿದ್ದಾರೆ, ಹೊರದೇಶದಿಂದ ಬರುತ್ತದೆ. ದೆಹಲಿಯಲ್ಲಿದ್ದುಕೊಂಡು ಧೂಳನ್ನು ಕೊಳ್ಳಲು ಮನಸ್ಸಾಗದೆ, ಬಾಲ್ಕನಿಯಲ್ಲಿನ ಏಸಿಯ ಹೊರಪೆಟ್ಟಿಗೆಯ ಮೇಲಿದ್ದದ್ದನ್ನೇ ಗುಡಿಸಿ, ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದೆ. ಬಣ್ಣ ಹೇಳಿ ಮಾಡಿಸಿದಂತಿತ್ತು.

ಅಪ್ಪ ದಿನವೂ ಬಂದು ಮೇಜಿನ ಸುತ್ತ ಒಂದು ಸುತ್ತು ಹಾಕುತ್ತಿದ್ದರು. ಧೂಳು ಬಿದ್ದ ಮೇಲೆ ಒಮ್ಮೆ ನಿಂತು ಕೇಳಿದರು, "ಇದನ್ನ ಯಾರು ಹಿಂಗೆ ಬಿಟ್ಟಿದ್ದು?"

"ಅಜ್ಜಾ, ಮಮ್ಮಿ ಜಾನ್‌ಬೂಝ್‌ಕರ್, ಬೇಕಂತ್ಲೇ ಮಾಡಿರೋದು. ರಿಯಲಿಸ್ಟಿಕ್ ಆಗಿ ಕಾಣ್ಲಿ ಅಂತ," ಎಂದಳು ಮಗಳು.

"ಅಚ್ಛಾ," ಎಂದು ಅಪ್ಪ ರೂಮಿಗೆ ಹೋದರು.

ಇದೇ ಹವ್ಯಾಸದ ನಾಲ್ಕಾರು ಮಂದಿ ಫರೀದಾಬಾದಿನಿಂದ ನೋಡಲು ಬರುವವರಿದ್ದರು. ಧೂಳು ಹಿಡಿದು ನಿಲ್ಲಲು ಕೊನೆಗೆ ಹೊಳಪಿಲ್ಲದ ವಾರ್ನಿಷ್ ಹೊಡೆಯಬೇಕು, ಅದೊಂದು ಬಾಕಿ. ನಾನು ಕ್ಲಿನಿಕ್ಕಿಗೆ ಹೊರಡುವಾಗ ಅಪ್ಪನಿಗೆ ಹೇಳಿದೆ, "ನಾಳೆ ಟ್ಯಾಂಕ್ ನೋಡೋಕೆ ಜನ ಬರ್ತಾರೆ ಅಪ್ಪ, ನೀವೂ ಇರಬೇಕು." ಈ ಮಾತು ಒಬ್ಬ ಟ್ಯಾಂಕಿನ ಮನುಷ್ಯನ ಕಿವಿಗೆ ಹೇಗೆ ಕೇಳೀತು ಎಂದು ನನಗೆ ಹೊಳೆಯಬೇಕಿತ್ತು.

ಸಂಜೆ ಬಾಗಿಲು ತೆರೆದಾಗಲೇ ಟರ್ಪೆಂಟೈನಿನ ವಾಸನೆ. ಅಪ್ಪ ಮೇಜಿನ ಮುಂದೆ ಕುಳಿತಿದ್ದರು. ಕೈಯಲ್ಲಿ ಹಳೇ ಬನಿಯನ್ನಿನ ಚೂರು, ಪಕ್ಕದಲ್ಲಿ ಕಪ್ಪಾದ ಹತ್ತಿಕಡ್ಡಿಗಳ ರಾಶಿ. ಟ್ಯಾಂಕು ಡಿಪೋದಿಂದ ಆಗತಾನೆ ಬಂದಂತೆ ಹಸಿರಾಗಿತ್ತು. ಧೂಳಿಲ್ಲ, ತುಕ್ಕಿಲ್ಲ, ಪಟ್ಟಿಯ ಕೊಂಡಿಗಳ ನಡುವೆ ನಾನು ಮೆತ್ತಿದ್ದ ಕೆಸರೂ ಇಲ್ಲ.

"ಇನ್‌ಸ್ಪೆಕ್ಷನ್‌ಗೆ ಹಂಗೇ ನಿಲ್ಲಿಸೋಕಾಗತ್ತಾ?" ಎಂದರು ತಲೆ ಎತ್ತದೆ. "ಹೊರಗಿನೋರು ಬರ್ತಾರೆ. ನಿನ್ನ ಹೆಸರು ಹಾಳಾಗತ್ತೆ."

ಸಿಟ್ಟು ನೆತ್ತಿಗೇರಿತು. ಇಡೀ ಚಳಿಗಾಲದ ಕೆಲಸ ಆ ಬನಿಯನ್ನಿನಲ್ಲಿತ್ತು. ಏನಾದರೂ ಅಂದುಬಿಡುತ್ತೇನೆಂದು ಅಡಿಗೆಮನೆಗೆ ಹೋಗಿ ನೀರು ಕುಡಿದು ಬಂದೆ. ಇವರಿಗೆ ನಾನು ಮಾಡಿದ್ದು ಯಾವುದೂ ಹಿಡಿಸುವುದಿಲ್ಲ ಎಂದು ಮನಸ್ಸಿನಲ್ಲಿ ಇತ್ಯರ್ಥ ಮಾಡಿಕೊಂಡು ಎದುರಿಗೆ ಕುಳಿತೆ.

ಅಪ್ಪ ಟ್ಯಾಂಕನ್ನು ನನ್ನ ಕಡೆಗೆ ತಿರುಗಿಸಿದರು. ಚಾಲಕ ಒಳಗಿಳಿಯುವ ಮುಚ್ಚಳದ ಅಂಚನ್ನು ಬೆರಳಿನಿಂದ ತೋರಿಸಿದರು. ಅಲ್ಲಿ ನಾನು ಪೆನ್ಸಿಲಿನ ಸೀಸ ತಿಕ್ಕಿ, ಬಣ್ಣ ಸವೆದು ಕಬ್ಬಿಣ ಮಿನುಗುವಂತೆ ಮಾಡಿದ್ದೆ. ಅದು ಹಾಗೇ ಇತ್ತು.

"ಇದನ್ನ ಒರೆಸಲಿಲ್ಲ," ಎಂದರು. "ಇದು ಕೊಳೆ ಅಲ್ಲ. ನನ್ನ ಡ್ರೈವರ್ ದಿನಾ ಇಲ್ಲೇ ಕೈ ಊರಿ ಇಳೀತಿದ್ದ. ಪೇಂಟ್ ನಿಲ್ತಾನೇ ಇರಲಿಲ್ಲ." ಆಮೇಲೆ ಕೇಳಿದರು, "ನಿಂಗೆ ಹೆಂಗೆ ಗೊತ್ತಾಯ್ತು?"

ಊಹಿಸಿದೆ ಎಂದೆ.

ಮರುದಿನ ವಾರ್ನಿಷ್ಷನ್ನು ಆ ಹಸಿರಿನ ಮೇಲೇ ಹೊಡೆದೆ. ಅತಿಥಿಗಳು ಬಂದಾಗ ಅಪ್ಪ ಇಸ್ತ್ರಿ ಮಾಡಿದ ಕೋಟು ತೊಟ್ಟು ಮೇಜಿನ ಪಕ್ಕದಲ್ಲಿ ನೆಟ್ಟಗೆ ನಿಂತಿದ್ದರು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ. ಒಬ್ಬರು ಬಗ್ಗಿ ನೋಡಿ, ಧೂಳು, ತುಕ್ಕು ಎಲ್ಲ ಇನ್ನು ಮೇಲೆ ಮಾಡುತ್ತೀರಾ ಎಂದು ನನ್ನನ್ನು ಹಿಂದಿಯಲ್ಲಿ ಕೇಳಿದರು.

"ಇಲ್ಲ," ಎಂದೆ. "ಮುಗಿದಿದೆ."