ಚನ್ನವ್ವನಿಂದ ಮುಚ್ಚಿಟ್ಟದ್ದು

ನಮ್ಮಣ್ಣ ಸಾತಪ್ಪನಿಗೆ ಮಾತು ಕಡಿಮೆ, ಹಟ ಜಾಸ್ತಿ. ನಮ್ಮೂರು ಬೆಳುಂಕಿಯಲ್ಲಿ ಯಾರ ಕುರಿ ಈಯಲಾರದೆ ಒದ್ದಾಡಿದರೂ ಅವನಿಗೇ ಕರೆ ಬರುತ್ತಿತ್ತು. ಕುರಿಗೆ ಏನಾಗಿದೆ ಎಂಬುದನ್ನು ಅದರ ಕಣ್ಣು ನೋಡಿಯೇ ಹೇಳುತ್ತಿದ್ದ. ಹೆಂಡತಿಗೆ ಏನಾಗಿದೆ ಎಂದು ಕೇಳಿದರೆ ಮಾತ್ರ ಆಕಾಶ ನೋಡುತ್ತಿದ್ದ. ಅವನ ಎದುರಿಗೇ ಹೀಗೆ ಆಡಿಕೊಂಡು ಎಷ್ಟೋ ಸಲ ನಕ್ಕಿದ್ದೇನೆ. ಅರವತ್ತೆಂಟನೆಯ ಇಸವಿಯ ನಂತರ ಆ ಮಾತು ನನ್ನ ಬಾಯಲ್ಲಿ ಬಂದಿಲ್ಲ.

ಆ ವರ್ಷ ಅವನ ಹೆಂಡತಿ, ನನ್ನ ವೈನಿ ಚನ್ನವ್ವ, ಮೂರನೆಯ ಸಲ ಬಸುರಿ. ಮೊದಲಿನ ಎರಡೂ ಹೊಟ್ಟೆಯಲ್ಲೇ ಹೋಗಿದ್ದವು. ಈ ಸಲ ಏಳು ತಿಂಗಳಿಗೇ ನೋವು ಶುರುವಾಯಿತು. ಶೇಂಗಾ ಹೇರಿಕೊಂಡು ಮಿರಜಿಗೆ ಹೊರಟಿದ್ದ ಲಾರಿಗೆ ಅಣ್ಣ ಅಡ್ಡ ನಿಂತ. ಡ್ರೈವರನ ಕೈಕಾಲು ಹಿಡಿದು, ಚೀಲಗಳ ಮೇಲೆ ಕಂಬಳಿ ಹಾಸಿ ಅವಳನ್ನು ಮಲಗಿಸಿದೆವು. ದಾರಿಯುದ್ದಕ್ಕೂ ಅವಳು ನನ್ನ ಕೈ ಬಿಡಲಿಲ್ಲ. ದವಾಖಾನೆ ಮುಟ್ಟಿದ ಮೇಲೆ ಗಂಡು ಕೂಸು ಹುಟ್ಟಿತು. ಅಂಗೈಯಷ್ಟು ಇತ್ತು, ಅಳಲಿಲ್ಲ. ಅದನ್ನು ನೋಡಿ ನನಗೆ ಮೊದಲು ಬಂದದ್ದು ಮಮತೆಯಲ್ಲ, ಹೆದರಿಕೆ.

ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಕಾವಿಗೆಂದು ಒಳಗೊಂದು ಬಲ್ಬು. ಆ ಕೋಣೆಯೊಳಗೆ ನಮಗೆ ಪ್ರವೇಶವಿಲ್ಲ, ಹೊರಗಿನ ಕಿಟಕಿಯಿಂದ ನೋಡಬೇಕು. ನರ್ಸ್ ಇಂದುಬಾಯಿ ಜತ್ತದ ಹೆಂಗಸು, ನಮ್ಮ ಕನ್ನಡ ಬಲ್ಲವಳು.

"ಲೈಟ ಹೋದ್ರ ಏನ ಮಾಡತೀರಿ?" ಎಂದು ಅಣ್ಣ ಕೇಳಿದ.

"ಬಿಸಿನೀರಿನ ಬಾಟ್ಲಿ ಇಡತೀವ್ರಿ," ಎಂದಳು.

ಲೈಟು ಹೋಗುತ್ತಲೇ ಇತ್ತು. ಹೋದಾಗಲೆಲ್ಲ ಅಣ್ಣ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದ. ಬೆಳಕು ಬಂದ ಕೂಡಲೇ ಆ ಎದೆ ಅಲುಗುತ್ತಿದೆಯೇ ಎಂದು ಹುಡುಕುತ್ತಿದ್ದ. ಉಸಿರು ಕಟ್ಟಿದ ಮರಿಗಳನ್ನು ಕಾಲು ಹಿಡಿದು ಬೀಸಿ ಬದುಕಿಸಿದವನು, ಇಲ್ಲಿ ಗಾಜಿನಾಚೆ ಕೈಕಟ್ಟಿ ನಿಲ್ಲಬೇಕಾಗಿತ್ತು. ಅದಕ್ಕೇ ಅವನಿಗೆ ಆ ಕೋಣೆಯ ಮೇಲೆ ಸಿಟ್ಟು.

ವೈನಿಗೆ ಜ್ವರ ಏರಿತ್ತು, ಏಳುವ ಹಾಗಿರಲಿಲ್ಲ. ಎದೆಯಲ್ಲಿ ಮಾತ್ರ ಹಾಲು ತುಂಬಿತ್ತು. ಅದನ್ನು ಬಟ್ಟಲಲ್ಲಿ ಹಿಂಡಿ ಕೊಟ್ಟರೆ ಇಂದುಬಾಯಿ ಒಯ್ದು ಕೂಸಿನ ಬಾಯಿಗೆ ಹನಿಹನಿಯಾಗಿ ಬಿಡುತ್ತಿದ್ದಳು. ಬಹುಪಾಲು ಹಾಗೆಯೇ ತಿರುಗಿ ಬರುತ್ತಿತ್ತು. ವೈನಿ ಮಲಗಿದಲ್ಲಿಂದಲೇ ಬಟ್ಟಲನ್ನು ಬಗ್ಗಿಸಿ ನೋಡುವಳು.

"ಇವತ್ತ ಏನರ ಕುಡದಾನೇನ, ಸಂಗವ್ವಾ?"

"ಕುಡದಾನ, ವೈನಿ," ಎನ್ನುತ್ತಿದ್ದೆ. ಅವಳು ಕಣ್ಣು ಮುಚ್ಚುತ್ತಿದ್ದಳು.

ಪಕ್ಕದ ಪೆಟ್ಟಿಗೆಯಲ್ಲಿ ಇನ್ನೊಂದು ಕೂಸು, ಅದೂ ಗಂಡೇ, ಅದೂ ತಿಂಗಳು ತುಂಬದ್ದೇ. ಉಮದಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ರೇವಪ್ಪನ ಮಗಳದು. ಮಗಳು ಹೆತ್ತ ದಿನವೇ ತೀರಿಕೊಂಡಿದ್ದಳು. ಹೆಣ ಒಯ್ಯಲು ಬಂದ ಅಳಿಯ, ತಾಯಿಯನ್ನು ತಿಂದ ಕೂಸು ಎಂದು ಅದರ ಮುಖವನ್ನೂ ನೋಡದೆ ಹೋದನಂತೆ. ಇಂಥವನಿಗೆ ಏನನ್ನಬೇಕೋ! ಮುದುಕ ರೇವಪ್ಪ ಹೆಂಡತಿ ಇಲ್ಲದವನು, ದಿನವೆಲ್ಲ ಅದೇ ಕಿಟಕಿಯ ಕೆಳಗೆ ಕೂತಿರುತ್ತಿದ್ದ. ಅಣ್ಣ ಮತ್ತು ಅವನು ಒಂದೇ ರೊಟ್ಟಿ ಗಂಟಿನಿಂದ ತಿನ್ನುತ್ತಿದ್ದರು. ಆ ಕಾಕಾನ ಸಂಗತಿಯನ್ನೆಲ್ಲ ನಾನು ವೈನಿಗೆ ಹೇಳಿದ್ದೆ.

ಒಂದು ಬೆಳಿಗ್ಗೆ ಹೋಗಿ ನೋಡಿದರೆ ಪಕ್ಕದ ಪೆಟ್ಟಿಗೆಯ ಬಲ್ಬು ಉರಿಯುತ್ತಿತ್ತು. ನಮ್ಮದನ್ನು ಆರಿಸಿದ್ದರು.

ಡಾಕ್ಟರು ಅಣ್ಣನ ಹೆಗಲ ಮೇಲೆ ಕೈಯಿಟ್ಟು, ಬಾಣಂತಿಯ ಜ್ವರ ಇಳಿಯುವ ತನಕ ಅವಳಿಗೆ ತಿಳಿಸಬೇಡಿ, ಈಗ ಎದೆ ಒಡೆದರೆ ಅವಳೂ ಉಳಿಯಲಿಕ್ಕಿಲ್ಲ ಎಂದರು. ಅಣ್ಣ ಕೂಸನ್ನು ಕಂಬಳಿಯೊಳಗೆ ಇಟ್ಟುಕೊಂಡು ಒಬ್ಬನೇ ಕೃಷ್ಣೆಯ ದಂಡೆಗೆ ಹೋದ. ತಿರುಗಿ ಬಂದಾಗ, ಕೂಸಿಗೆ ಸುತ್ತಿದ್ದ ವೈನಿಯ ಹಳೆ ಸೀರೆಯ ತುಂಡು ಅವನ ಬಗಲಲ್ಲಿತ್ತು. ಅದನ್ನು ಮಡಿಚಿ ತನ್ನ ಗಂಟಿನ ತಳಕ್ಕೆ ಸೇರಿಸಿದ.

ಅಷ್ಟರಲ್ಲಿ ವೈನಿಯ ಹಾಲಿನ ಬಟ್ಟಲು ಬಂತು. ಅವಳಿಗೇನು ಗೊತ್ತು? ಇಂದುಬಾಯಿ ಅದನ್ನು ಹಿಡಿದುಕೊಂಡು ನಮ್ಮ ಮುಂದೆ ನಿಂತಳು.

"ಚೆಲ್ಲಲೇನ್ರಿ? ಇಲ್ಲಾ ಆ ಕೂಸಿಗೆ ಹಾಕಲೇನ್ರಿ?"

ರೇವಪ್ಪ ತಲೆ ಎತ್ತಿದ. ಅಣ್ಣ, "ಹಾಕ್ರಿ," ಎಂದ. ಆ ಕೂಸು ಹನಿ ಬಿಡದೆ ಕುಡಿಯಿತು.

ಆಗ ಅಣ್ಣನ ತಲೆಯಲ್ಲಿ ಏನು ಓಡುತ್ತಿದೆ ಎಂದು ನನಗೆ ತಿಳಿಯಿತು. ಕುರಿಯ ಮರಿ ಸತ್ತರೆ ನಮ್ಮವರು ಅದರ ತೊಗಲು ಸುಲಿದು ತಾಯಿಯಿಲ್ಲದ ಇನ್ನೊಂದು ಮರಿಗೆ ಹೊದಿಸಿ ಕಟ್ಟುತ್ತಾರೆ. ಕುರಿ ಮೂಸುತ್ತದೆ, ತನ್ನದೇ ಎಂದುಕೊಂಡು ಮೊಲೆ ಕೊಡುತ್ತದೆ. ಈ ಕೆಲಸದಲ್ಲಿ ಅಣ್ಣನ ಕೈ ಎಂದೂ ಸೋತಿರಲಿಲ್ಲ.

"ಹೆಣ್ಣಮಗಳು ಕುರಿ ಅಲ್ಲೋ ಅಣ್ಣಾ. ಇದು ಪಾಪ," ಎಂದು ನಾನು ಜಗಳಕ್ಕೇ ನಿಂತೆ.

"ಆಕಿ ಉಳೀಲಿ. ಆಮ್ಯಾಲ ನೀ ಎಷ್ಟ ಬೇಕಾದ್ರೂ ಬೈ," ಎಂದ.

ರೇವಪ್ಪನೂ ಕೈಮುಗಿದ. "ನಮ್ಮನ್ಯಾಗ ಹಾಲೂಡೋ ಜೀವಾ ಇಲ್ಲವ್ವ. ಜಾತಿಗೀತಿ ಆಮ್ಯಾಲ ನೋಡೂಣು, ಮದಲ ಇದು ಬದುಕಲಿ." ಇಬ್ಬರು ಗಂಡಸರು ಸೇರಿ ಒಬ್ಬಳ ಮಡಿಲಿನ ವಿಷಯ ತೀರ್ಮಾನಿಸಿದರು. ಸಿಟ್ಟಿಗೆ ನನ್ನ ಮೈ ಉರಿಯಿತು. ಆದರೆ ಆ ಮುದುಕನ ಮುಖ ನೋಡಿ, ಖಾಲಿ ಬಟ್ಟಲು ಎತ್ತಿಕೊಂಡು ವೈನಿಯ ಕಡೆ ನಡೆದೆ.

ಅಂದಿನಿಂದ ಬಟ್ಟಲು ಬರಿದಾಗಿಯೇ ಬರತೊಡಗಿತು. ವೈನಿ ಅದನ್ನು ಬಗ್ಗಿಸಿ ನೋಡಿದಳು, ನನ್ನನ್ನು ನೋಡಿದಳು. ಕುಡಿದನೇ ಎಂದು ಕೇಳುವುದನ್ನು ಬಿಟ್ಟಳು. ಜ್ವರ ಇಳಿಯುತ್ತ ಬಂತು, ಅವಳು ಮಾತ್ರ ದಿನವಿಡೀ ಬಾಗಿಲ ಕಡೆಗೇ ನೋಡುತ್ತಿದ್ದಳು. ಅವಳು ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಪೆಟ್ಟಿಗೆಯಿಂದ ಕೂಸನ್ನು ಹೊರಗೆ ತೆಗೆದ ದಿನ ಅಣ್ಣ ಅದನ್ನು ಆ ಸೀರೆಯ ತುಂಡಿನಲ್ಲೇ ಸುತ್ತಿದ. ತುಂಡನ್ನು ಒಗೆಯಲು ಯಾರಿಗೂ ಕೊಟ್ಟಿರಲಿಲ್ಲ. ವೈನಿಯ ಮಡಿಲಲ್ಲಿ ಇಟ್ಟು ಹಿಂದೆ ಸರಿದು ನಿಂತ, ದೊಡ್ಡಿಯಲ್ಲಿ ನಿಲ್ಲುವ ಹಾಗೆಯೇ. ರೇವಪ್ಪ ಬಾಗಿಲ ಹೊರಗಿದ್ದ.

ವೈನಿ ಬಟ್ಟೆಯ ಅಂಚನ್ನು ಮೂಗಿಗೆ ಹಿಡಿದಳು. ಬಹಳ ಹೊತ್ತು ಹಿಡಿದಿದ್ದಳು. ಆಮೇಲೆ ಕೂಸಿನ ಮೈಮೇಲಿಂದ ಅದನ್ನು ಬಿಡಿಸಿ, ಮಡಿಚಿ, ತಲೆದಿಂಬಿನ ಕೆಳಗೆ ಇಟ್ಟಳು. ಕೂಸನ್ನು ತನ್ನ ಸೆರಗಿನೊಳಗೆ ತೆಗೆದುಕೊಂಡು ಮೊಲೆ ಕೊಟ್ಟಳು.

"ಇದು ಆ ಕಾಕಾನ ಮಗಳ ಕೂಸ ಹೌದಿಲ್ಲರಿ?" ಎಂದಳು.

ಅಣ್ಣ ಬಾಗಿಲ ಹೊರಗಿದ್ದ ರೇವಪ್ಪನ ಕಡೆ ನೋಡಿದ.

"ಬಟ್ಟಲಾ ಬರಿದಾಗಿ ಬಂದ ದಿನಾನ ತಿಳೀತು. ನಮ್ಮ ಕೂಸಿಗೆಲ್ಲಿತ್ರಿ ಅಷ್ಟ ಶಕ್ತಿ? ನಾಳಿಂದ ಹಿಂಡಿ ಕೊಡಬಾರದು ಅನಸ್ತು. ಯಾವುದೋ ಒಂದು ಜೀವಾ ಕುಡ್ಯಾಕತ್ತೈತಲ್ಲ, ಅಂತ ಕೊಟ್ಟೆ. ನೀವು ಬಂದ ಹೇಳತೀರಿ ಅಂತ ದಿನಾ ಬಾಗಲಾ ನೋಡತಿದ್ದೆ."

ಅಣ್ಣ ಮುಖ ಮುಚ್ಚಿಕೊಂಡ. ಅವಳು ಅಳಲಿಲ್ಲ.

"ನಮ್ಮದನ್ನ ಎಲ್ಲಿ ಇಟ್ಟ ಬಂದೀರಿ? ಮೂರನೇ ದಿನಕ್ಕ ಅದರ ಮಣ್ಣಿಗೆ ಹಾಲು ಹಾಕಬೇಕಾಗಿತ್ತು. ನನಗ ತೋರಸ್ರಿ."

ಊರಿಗೆ ಹೊರಡುವ ದಿನ ಟಾಂಗಾ ಮಾಡಿಕೊಂಡು ಹೊಳೆಯ ದಂಡೆಗೆ ಹೋದೆವು. ಮುಂದೆ ಭರಮಣ್ಣ ಎಂದು ಹೆಸರಾದ ಆ ಕೂಸು ಅವಳ ಸೆರಗಿನಲ್ಲಿ ಮಲಗಿತ್ತು. ಅಣ್ಣ ಒಂದು ಗಿಡದ ಹತ್ತಿರ ನಿಂತ. ಅಲ್ಲಿಂದ ಇನ್ನೊಂದು ಗಿಡಕ್ಕೆ ಹೋದ. ಮತ್ತೆ ತಿರುಗಿ ಬಂದ. ಕಲ್ಲು ಇಟ್ಟರೆ ಹೆಂಡತಿಗೆ ಎಂದಾದರೂ ಸುಳಿವು ಸಿಕ್ಕೀತು ಎಂದು, ಮಣ್ಣು ಮುಚ್ಚಿ ನೆಲವನ್ನು ಸಮ ಮಾಡಿ ಬಂದಿದ್ದ. ಈಗ ಎತ್ತ ನೋಡಿದರೂ ಒಂದೇ ಮರಳು. ಹಿಂಡಿನಲ್ಲಿ ಪ್ರತಿ ಕುರಿಯ ಗುರುತು ಬಲ್ಲವನು ತನ್ನ ಮಗನನ್ನು ಹೂಳಿದ ಜಾಗ ಸಿಗದೆ ಬಿಸಿಲಲ್ಲಿ ಅಲೆಯುತ್ತಿದ್ದ.

ವೈನಿ ನಿಂತೇ ಇದ್ದಳು. ಅವಸರ ಮಾಡಲಿಲ್ಲ.

ಕೊನೆಗೆ ಅವನು ಒಂದು ಕಡೆ ಬೆರಳು ತೋರಿಸಿ, "ಇಲ್ಲೇ," ಎಂದ. ಅವನ ದನಿಯಲ್ಲೇ ಸುಳ್ಳು ಎಂದು ಗೊತ್ತಾಗುತ್ತಿತ್ತು. ನನಗೆ ಗೊತ್ತಾಯಿತು, ಅವಳಿಗೂ ಗೊತ್ತಾಯಿತು.

ಅವಳು ಅಲ್ಲೇ ಕೂತು, ಕೂಸನ್ನು ನನ್ನ ಕೈಗೆ ಕೊಟ್ಟು, ಕುಪ್ಪಸದ ಗಂಟು ಬಿಚ್ಚಿ ಆ ಮರಳಿಗೆ ತನ್ನ ಹಾಲು ಹಾಕಿದಳು.